ಜೋಧಪುರದಲ್ಲಿ ರೈಲು ನೋಡೋಕೆ ಒಳ್ಳೆ ಜಾಗ ಯಾವುದು?

ಹೋಂಸಿಗ್ನಲ್ (ಮೈಸೂರು)
ಎಲ್ಲರಿಗೂ ನಮಸ್ಕಾರ. ಫೆಬ್ರುವರಿ ಮೊದಲ ವಾರ ಮನೆಯವಳ ಗೆಳತಿಯ ಮದುವೆಗೆ ಜೋಧಪುರಕ್ಕೆ ಹೊರಟಿದ್ದೀವಿ. ಮದುವೆ ಮುಗಿದ ಮೇಲೂ ಕೆಲವು ದಿನ ಅಲ್ಲೇ ಇರ್ತೀವಿ. ಕೋಟೆ, ಅರಮನೆ, ಬಜಾರು ಎಲ್ಲಾ ಪಟ್ಟಿಯಲ್ಲಿದೆ. ಅದರ ನಡುವೆ ನನಗೂ ಮಗನಿಗೂ ಒಂದೆರಡು ಬೆಳಗ್ಗೆ, ಒಂದು ಸಂಜೆ ಬಿಡುವು ಕೊಡ್ತೀನಿ ಅಂತ ಒಪ್ಪಂದ ಆಗಿದೆ. ಮಗನಿಗೆ ಒಂಬತ್ತು ವರ್ಷ, ಎಂಜಿನ್ ಹುಚ್ಚು ನನಗಿಂತ ಜಾಸ್ತಿ. ಉಳಿಯೋದು ಘಂಟಾಘರ್ ಹತ್ತಿರ. ಕಾರಿಲ್ಲ, ಆಟೋದಲ್ಲೇ ಓಡಾಟ. ನೆರಳು, ಚಹಾ, ಶೌಚಾಲಯ ಇರೋ ಜಾಗ ಆದ್ರೆ ಒಳ್ಳೇದು. ಪೊಲೀಸರ ಕಿರಿಕಿರಿ ಬೇಡ. ಗೊತ್ತಿರೋರು ದಾರಿ ತೋರಿಸಿ.

ಹುಬ್ಬಳ್ಳಿ_ಹಾರ್ನ್
ಅಣ್ಣಾರ, ಜೋಧಪುರಕ್ಕ ಹೊಂಟೀರಿ ಅಂದ್ರ ಭಗತ್ ಕೀ ಕೋಠಿ ಸ್ಟೇಷನ್ ಬಿಟ್ಟು ಬ್ಯಾರೆ ಮಾತಾಡಬ್ಯಾಡ್ರಿ. ಮೇನ್ ಸ್ಟೇಷನ್ನಿಂದ ಆಟೋದಾಗ ಹತ್ತು ನಿಮಿಷ. ಅಲ್ಲೇ ಡೀಸೆಲ್ ಶೆಡ್ (ಎಂಜಿನ್ ಇಟ್ಟು ರಿಪೇರಿ ಮಾಡೋ ಜಾಗ) ಐತಿ. ಎಂಜಿನ್ ಮ್ಯಾಲೆ ‘ಬಿಜಿಕೆಟಿ’ ಅಂತ ಬರದಿರ್ತದಲ್ಲ, ಅದರ ತವರುಮನಿ ಅದು. ನಮ್ಮ ಹುಬ್ಬಳ್ಳಿ ಶೆಡ್ಡಿಗೂ ಅದಕ್ಕೂ ಬೀಗಸ್ತನ ಇದ್ದಂಗ: 1999ರಾಗ ಅಮೆರಿಕಾದಿಂದ ಮೊದಲ ಡಬ್ಲ್ಯುಡಿಜಿ-4 ಎಂಜಿನ್ ಬಂದಾಗ ಇಟ್ಟಿದ್ದು ಹುಬ್ಬಳ್ಯಾಗ. ಆಮ್ಯಾಲೆ ವಾರಾಣಸಿಯೊಳಗ ಮಾಡಾಕ ಶುರು ಮಾಡಿದ್ರು, ಬ್ಯಾರೆ ಬ್ಯಾರೆ ಶೆಡ್ಡಿಗೆ ಹಂಚಿದ್ರು, ಅದರಾಗ ಇದೂ ಒಂದು. ಪ್ಲಾಟ್‌ಫಾರ್ಮಿನ ಮ್ಯಾಲೆ ಸುಮ್ಮನ ಕುಂತ್ರೂ ಶೆಡ್ಡಿಗೆ ಹೋಗಿ ಬರೋ ಲೈಟ್ ಎಂಜಿನ್ (ಬೋಗಿ ಇಲ್ಲದ ಬರೇ ಎಂಜಿನ್) ಒಂದರ ಹಿಂದ ಒಂದು ಕಾಣ್ತಾವ. ಹಳೇ ಆಲ್ಕೋ ಡೀಸೆಲ್ ಎಂಜಿನ್ ಸಿಕ್ಕಿತಂದ್ರ ನಿಮ್ಮ ಪುಣ್ಯ. ನಿಂತಲ್ಲೇ ಹಿಟ್ಟಿನ ಗಿರಣಿ ಹಂಗ ಧಡ್ ಧಡ್ ಅಂತಿರ್ತದ, ಎದಿಯೊಳಗ ಕೇಳಸ್ತದ.

ಶೆಡ್ ಒಳಗ ಹೋಗಾಕ ಪರವಾನಗಿ ಬೇಕು. ಗೇಟಿಗೆ ಹೋಗಿ ಕೈ ಮುಗದ್ರ ಆಗೂದಿಲ್ಲ.

ಲೂಪ್‌ಲೈನ್_ಲೋಕಿ
ಬ್ರೋ ಈಗ ಎಲ್ಲಾ ಕಡೆ ಹಳಿ ಮೇಲೆ ಕರೆಂಟ್ ವೈರ್ ಬಂದಿದೆ. ಡೀಸೆಲ್ ನೋಡೋಕೆ ಅಂತ ಅಷ್ಟು ದೂರ ಹೋಗಿ ಡಬ್ಲ್ಯುಎಪಿ-7 ಕರೆಂಟ್ ಎಂಜಿನ್ ನೋಡ್ಕೊಂಡು ಬರಬೇಕಾಗುತ್ತೆ. ಅದು ಮೈಸೂರಲ್ಲೇ ಸಿಗುತ್ತಲ್ಲ.

ಹುಬ್ಬಳ್ಳಿ_ಹಾರ್ನ್
ಶೆಡ್ ಇನ್ನೂ ಮುಚ್ಚಿಲ್ಲಪಾ. ವೈರ್ ಬಂದ ದಿನಾನ ಡೀಸೆಲ್ ಎಲ್ಲಾ ಗುಜರಿಗೆ ಹೋಗ್ತಾವನ? ಶಂಟಿಂಗ್, ಗೂಡ್ಸ್, ರೆಸ್ಕ್ಯೂ, ಎಲ್ಲಾದಕ್ಕೂ ಬೇಕು. ಆದ್ರ ಕಡಿಮಿ ಆಗ್ಯಾವ, ಅದು ಖರೆ. ಅದಕ್ಕ ಈಗಾ ಹೋಗಿ ನೋಡ್ರಿ ಅನ್ನೂದು.

ಮರಳಲ್ಲಿ_ಮಂಡ್ಯದವಳು
ಇಲ್ಲಿಗೆ ಕೆಲಸಕ್ಕೆ ಬಂದು ಬಾಸನಿ ಕಡೆ ಮನೆ ಮಾಡ್ಕೊಂಡಿದ್ದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಸರ್, ಮೊದಲು ಲೈನ್‌ಗಳ ನಕ್ಷೆ ತಲೇಲಿ ಕೂರಿಸ್ಕೊಳ್ಳಿ. ಆಮೇಲೆ ಜಾಗ ತಾನಾಗೇ ಹೊಳೆಯುತ್ತೆ.

ಜೋಧಪುರ ಜಂಕ್ಷನ್‌ನ ಒಂದು ಕಡೆ ರಾಯಿಕಾಬಾಗ್, ಇನ್ನೊಂದು ಕಡೆ ಭಗತ್ ಕೀ ಕೋಠಿ. ರಾಯಿಕಾಬಾಗ್‌ನಲ್ಲಿ ದಾರಿ ಎರಡಾಗುತ್ತೆ. ಒಂದು ಮೇಡ್ತಾ ರೋಡ್ ಮೇಲೆ ಜೈಪುರ, ದೆಹಲಿ, ಬಿಕಾನೇರ್ ಕಡೆಗೆ. ಇನ್ನೊಂದು ಮಹಾಮಂದಿರ, ಮಂಡೋರ್, ಓಸಿಯಾಂ, ಫಲೋದಿ, ರಾಮದೇವ್ರಾ ದಾಟಿ ಜೈಸಲ್ಮೇರ್‌ಗೆ. ಈ ಕಡೆ ಭಗತ್ ಕೀ ಕೋಠಿ ದಾಟಿದ್ರೆ ಬಾಸನಿ, ಸಾಲಾವಾಸ್, ಆಮೇಲೆ ಲೂಣಿ ಜಂಕ್ಷನ್. ಲೂಣಿಯಲ್ಲಿ ಮತ್ತೆ ಎರಡು: ಪಾಲಿ ಮೇಲೆ ಮಾರ್ವಾಡ್ ಜಂಕ್ಷನ್‌ಗೆ ಒಂದು, ಸಮದಡಿ ಮೇಲೆ ಬಾಡಮೇರ್‌ಗೆ ಇನ್ನೊಂದು.

ಈಗ ಲೆಕ್ಕ ಹಾಕಿ. ದೆಹಲಿ ಕಡೆಯಿಂದ ಮೇಡ್ತಾ ರೋಡ್ ಮೇಲೆ ಬಂದು ಜೈಸಲ್ಮೇರ್‌ಗೆ ಹೋಗೋ ಗಾಡಿ ರಾಯಿಕಾಬಾಗ್ ದಾಟಿ ಜೋಧಪುರಕ್ಕೆ ಬರುತ್ತೆ. ಮತ್ತೆ ಅದೇ ರಾಯಿಕಾಬಾಗ್‌ಗೆ ಹಿಂದಿರುಗಬೇಕು. ಅಂದ್ರೆ ಎಂಜಿನ್ ಒಂದು ತುದೀಲಿ ಕಳಚಿ ಇನ್ನೊಂದು ತುದೀಲಿ ಸೇರಬೇಕು. ನಿಮ್ಮ ಮಗನಿಗೆ ಇದಕ್ಕಿಂತ ಒಳ್ಳೆ ಆಟ ಇಲ್ಲ. ಪ್ಲಾಟ್‌ಫಾರ್ಮಿನ ತುದೀಲಿ, ಆದ್ರೆ ಹಳದಿ ಗೆರೆ ಒಳಗೇ, ನಿಂತ್ಕೊಂಡ್ರೆ ಎಲ್ಲಾ ಹತ್ತಿರದಿಂದ ಕಾಣುತ್ತೆ. ಪಾಯಿಂಟ್ಸ್‌ಮನ್ (ಬೋಗಿ ಜೋಡಿಸಿ ಬಿಡಿಸೋ ನೌಕರ) ಕೆಳಗಿಳಿದು ಎಂಜಿನ್ನಿಗೂ ಬೋಗಿಗೂ ನಡುವೆ ಬಗ್ತಾನೆ. ಮೊದಲು ಕಾಕ್ ತಿರುಗಿಸಿ ಗಾಳಿ ನಿಲ್ಲಿಸ್ತಾನೆ. ಆಮೇಲೆ ಹಸಿರು ಬಣ್ಣ ಹಚ್ಚಿರೋ ಬ್ರೇಕ್ ಪೈಪು, ಬಿಳಿ ಬಣ್ಣದ ಫೀಡ್ ಪೈಪು ಎರಡನ್ನೂ ಬಿಡಿಸ್ತಾನೆ. ಉಳಿದ ಗಾಳಿ ‘ಫುಸ್’ ಅಂತ ಹೊರಗೆ ಬರುತ್ತೆ, ಕಾಲಡಿ ಧೂಳು ಏಳುತ್ತೆ. ಪಕ್ಕದ ಹಿಡಿ ಎತ್ತಿ ಕಪ್ಲರ್ ಕೊಂಡಿ ಬಿಡಿಸಿ ಕೈ ಬೀಸಿದ ಅಂದ್ರೆ ಎಂಜಿನ್ ಒಂದು ಗೇಣು ಮುಂದೆ ಸರಿದು ನಿಲ್ಲುತ್ತೆ. ಇಲ್ಲಿ ಮರಳು ಧೂಳು ಎಲ್ಲಾದರ ಮೇಲೂ ಕೂತಿರೋದ್ರಿಂದ ಆ ಎರಡು ಪೈಪಿನ ಬಣ್ಣ ತಿಳಿಯೋಕೇ ಸ್ವಲ್ಪ ಹೊತ್ತು ಬೇಕು.

ಬೆಳಕಿನ ವಿಚಾರ. ನಮ್ಮೂರಿನ ಲೆಕ್ಕ ಹಿಡ್ಕೊಂಡು ಆರು ಗಂಟೆಗೆ ಕ್ಯಾಮೆರಾ ತಗೊಂಡು ಹೊರಟರೆ ಕತ್ತಲು. ಜೋಧಪುರ ಪಶ್ಚಿಮಕ್ಕಿದೆ, ಫೆಬ್ರುವರಿ ಶುರುವಿನಲ್ಲಿ ಸೂರ್ಯ ಹುಟ್ಟೋದೇ ಏಳು ದಾಟಿದ ಮೇಲೆ. ಬೆಳಗ್ಗೆ ಚಳಿ ಕಚ್ಚುತ್ತೆ, ಹುಡುಗನಿಗೆ ಸ್ವೆಟರ್, ಟೋಪಿ ಹಾಕಿ. ಹತ್ತು ಗಂಟೆಗೆ ಅದೆಲ್ಲಾ ಬಿಚ್ಚಬೇಕಾಗುತ್ತೆ.

ಹೋಂಸಿಗ್ನಲ್
ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ. ‘ಹಸಿರು ಪೈಪು ಯಾಕೆ, ಬಿಳಿ ಪೈಪು ಯಾಕೆ’ ಅಂತ ಶುರುವಾಗಿದೆ.

ನಿವೃತ್ತ_ಗಾರ್ಡ್
ಮಗುವಿಗೆ ಹೀಗೆ ಹೇಳಿ. ಬ್ರೇಕ್ ಪೈಪಿನಲ್ಲಿ ಗಾಳಿ ತುಂಬಿದ್ದರೆ ಬ್ರೇಕು ಬಿಟ್ಟಿರುತ್ತದೆ, ಗಾಳಿ ಇಳಿದರೆ ಬ್ರೇಕು ಹಿಡಿಯುತ್ತದೆ. ಹಾಗಾಗಿ ಗಾಡಿ ನಡುವೆ ತುಂಡಾದರೂ ಎರಡೂ ಭಾಗ ತಾವಾಗಿಯೇ ನಿಲ್ಲುತ್ತವೆ. ಬಿಳಿ ಪೈಪು ಪ್ರತಿ ಬೋಗಿಯ ಗಾಳಿ ತೊಟ್ಟಿಗೆ ಬೇಗ ಗಾಳಿ ತುಂಬಿಸುವುದಕ್ಕೆ. ಎಂಜಿನ್ ಸೇರಿದ ಮೇಲೆ ಗಾಡಿ ತಕ್ಷಣ ಹೊರಡುವುದಿಲ್ಲ, ಕೊನೆಯ ಬೋಗಿಯವರೆಗೆ ಗಾಳಿ ಮುಟ್ಟಿದೆಯೇ ಎಂದು ಗಾರ್ಡ್ ತನ್ನ ಕಡೆಯ ಗೇಜಿನಲ್ಲಿ ನೋಡಬೇಕು. ಈಗ ಗಾರ್ಡ್ ಅನ್ನುವುದಿಲ್ಲ, ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ. ಕೆಲಸ ಅದೇ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಫೋಟೋ ಹುಚ್ಚಿನಲ್ಲಿ ಹಳಿಗೆ ಇಳಿಯಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಹೋಗಲಿ. ವಿದ್ಯುತ್ ಎಂಜಿನ್ ಹತ್ತಿರ ಬರುವವರೆಗೆ ಸದ್ದೇ ಕೇಳುವುದಿಲ್ಲ. ಡೀಸೆಲ್ ಕಾಲದ ಧೈರ್ಯ ಈಗ ಕೆಲಸಕ್ಕೆ ಬರುವುದಿಲ್ಲ.

ಲೂಪ್‌ಲೈನ್_ಲೋಕಿ
ಸರ್ ಒಂದು ಡೌಟು. ಸ್ಟೇಷನ್‌ನಲ್ಲಿ ಫೋಟೋ ತೆಗೆದ್ರೆ ಹಿಡೀತಾರಾ? ನನಗೆ ಒಂದು ದೊಡ್ಡ ಸ್ಟೇಷನ್‌ನಲ್ಲಿ, ಹೆಸರು ಬೇಡ, ಒಬ್ರು ಬಂದು ಫೋನ್ ಕಿತ್ಕೊಂಡು ಎಲ್ಲಾ ಡಿಲೀಟ್ ಮಾಡಿಸಿದ್ರು. ಯಾವ ರೂಲು ಅಂತ ಕೇಳಿದ್ರೆ ಉತ್ತರ ಇಲ್ಲ.

ನಿವೃತ್ತ_ಗಾರ್ಡ್
ಮೊಬೈಲಿನಲ್ಲಿ ನೆನಪಿಗೆ ಎಂದು ತೆಗೆಯುವವರನ್ನು ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್, ದೊಡ್ಡ ಲೆನ್ಸು, ಮೈಕು ಕಂಡರೆ ವಾಣಿಜ್ಯ ಚಿತ್ರೀಕರಣ ಎಂದು ಅನುಮಾನ ಬರುತ್ತದೆ, ಅದಕ್ಕೆ ಅನುಮತಿ, ಶುಲ್ಕ ಎರಡೂ ಇವೆ. ಜೊತೆಗೆ ಜೋಧಪುರ ಗಡಿ ರಾಜ್ಯದ ಸೇನಾ ಕೇಂದ್ರ. ಟ್ಯಾಂಕು, ಸೇನಾ ವಾಹನ ಹೊತ್ತ ಗಾಡಿ ಬಂದರೆ ಕ್ಯಾಮೆರಾ ಚೀಲಕ್ಕೆ ಹಾಕಿಬಿಡಿ. ಯಾರಾದರೂ ಬಂದು ಕೇಳಿದರೆ ಪ್ಲಾಟ್‌ಫಾರ್ಮ್ ಟಿಕೆಟ್ ತೋರಿಸಿ, ಗುರುತಿನ ಚೀಟಿ ತೋರಿಸಿ, ಮಗುವನ್ನು ಮುಂದೆ ಬಿಡಿ. ಮಗು ನಾಲ್ಕು ಎಂಜಿನ್ನಿನ ಹೆಸರು ಹೇಳಿದರೆ ಅವರೇ ಚಹಾ ಕೊಡಿಸುತ್ತಾರೆ.

ಲೂಪ್‌ಲೈನ್_ಲೋಕಿ
ಡ್ರೋನ್?

ಮರಳಲ್ಲಿ_ಮಂಡ್ಯದವಳು
ಮನೇಲೇ ಬಿಟ್ಟು ಬನ್ನಿ. ಇಲ್ಲಿ ವಿಮಾನ ನಿಲ್ದಾಣ ಇರೋದೇ ವಾಯುಪಡೆ ನೆಲೆಯ ಪಕ್ಕದಲ್ಲಿ.

ಘಾಟ್_ಸೆಕ್ಷನ್ (ಪುತ್ತೂರು)
ಮಾರಾಯ್ರೆ, ನೀವೆಲ್ಲ ಊರೊಳಗಿನ ಸ್ಟೇಷನ್ ಸುತ್ತವೇ ತಿರುಗ್ತಾ ಇದ್ದೀರಿ. ಮರುಭೂಮಿಗೆ ಹೋಗಿ ಮರುಭೂಮಿಯಲ್ಲಿ ರೈಲು ನೋಡದೆ ಬರುವುದುಂಟಾ? ಜೈಸಲ್ಮೇರ್ ಲೈನಲ್ಲಿ ಹಗಲು ಗಾಡಿ ಹಿಡಿದು ಹೋಗಿ. ಸುಮಾರು 300 ಕಿಲೋಮೀಟರ್. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನಲ್ಲಿ ಕಿಟಕಿಯಾಚೆ ಹತ್ತಡಿ ದೂರಕ್ಕೆ ಕಾಡು, ಗೋಡೆ, ಸುರಂಗ. ಅಲ್ಲಿ ಹಾಗಲ್ಲ. ಎದುರಿನಿಂದ ಬರುವ ಗಾಡಿ ಎಷ್ಟೋ ಹೊತ್ತು ಮೊದಲೇ ಕಾಣ್ತದೆ, ಮೊದಲು ಹೆಡ್‌ಲೈಟ್ ಮಾತ್ರ, ಅದರ ಕೆಳಗೆ ಬಿಸಿಲಿಗೆ ನಡುಗುವ ಏನೋ ಒಂದು ಕಪ್ಪು ಆಕಾರ. ಒಂಟಿ ಹಳಿ ಆದ ಕಾರಣ ಕ್ರಾಸಿಂಗಿಗೆ ನಿಲ್ಲಿಸ್ತಾರೆ. ಸಣ್ಣ ಸ್ಟೇಷನ್, ಒಂದು ಬೇವಿನ ಮರ, ಒಂದು ನೀರಿನ ಮಡಕೆ, ಅಷ್ಟೆ. ಅಲ್ಲಿ ನಿಂತು ಎದುರು ಗಾಡಿ ನಿಲ್ಲದೆ ಥ್ರೂ ಹೋಗುವುದನ್ನು ನೋಡ್ಬೇಕು ನೀವು.

ಬೇಸಿಗೆಯಲ್ಲಿ ಹೋಗ್ಲಿಕ್ಕೇ ಬೇಡ. 2016ರ ಮೇ 19ಕ್ಕೆ ಇದೇ ಫಲೋದಿಯಲ್ಲಿ 51 ಡಿಗ್ರಿ ದಾಖಲಾದದ್ದು. ಮೇ, ಜೂನಿನಲ್ಲಿ ಆಂಧಿ (ಧೂಳಿನ ಬಿರುಗಾಳಿ) ಎದ್ದರೆ ಹಳಿಯ ಮೇಲೆ ಮರಳು ಬಂದು ಬೀಳ್ತದೆ, ಗ್ಯಾಂಗಿನವರು ಸಲಿಕೆ ಹಿಡಿದು ತೆಗೀಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಗುಡ್ಡ ಜರಿದು ಲೈನ್ ಬಂದ್ ಆಗ್ತದಲ್ಲ, ಅಲ್ಲಿಯವರಿಗೆ ಈ ಮರಳಿನ ಕಾಟ.

ಹುಬ್ಬಳ್ಳಿ_ಹಾರ್ನ್
ಜೈಸಲ್ಮೇರ್ ಹತ್ತಿರ ಥೈಯಾತ್ ಹಮೀರಾ ಅಂತ ಒಂದು ಸ್ಟೇಷನ್ ಐತಿ. ಅಲ್ಲಿಂದ ಸಾನು ಅನ್ನೋ ಕಡೆ ಸುಣ್ಣದಕಲ್ಲಿನ ಗಣಿಗೆ ಲೈನ್ ಹಾಕ್ಯಾರ. ಉಕ್ಕಿನ ಕಾರ್ಖಾನಿಗೆ ಹೋಗೋ ಕಲ್ಲು ಅದು. ಗೂಡ್ಸ್ ಪ್ರೇಮಿಗಳು ಬರೇ ಪ್ಯಾಸೆಂಜರ್ ಟೈಮ್‌ಟೇಬಲ್ ನೋಡಿ ‘ಈ ಲೈನಿನ್ಯಾಗ ಏನೂ ಇಲ್ಲ’ ಅನಬ್ಯಾಡ್ರಿ.

ಹೋಂಸಿಗ್ನಲ್
ಜೈಸಲ್ಮೇರ್ ತನಕ ಹೋಗಿ ಬರೋಕೆ ಮನೆಯವಳು ಒಪ್ಪೋದು ಕಷ್ಟ. ಅರ್ಧ ದಾರಿ ಹೋಗಿ ಬರಬಹುದಾ?

ಮರಳಲ್ಲಿ_ಮಂಡ್ಯದವಳು
ಓಸಿಯಾಂಗೆ ಹೋಗಿ. ಜೋಧಪುರದಿಂದ 65 ಕಿಲೋಮೀಟರ್ ಆಸುಪಾಸು, ಅದೇ ಜೈಸಲ್ಮೇರ್ ಲೈನ್. ಪ್ರತಿಹಾರರ ಕಾಲದ ದೇವಸ್ಥಾನಗಳಿವೆ, ಸಚ್ಚಿಯಾಯ್ ಮಾತೆಯ ಗುಡಿ ಇದೆ, ಜೈನರ ಮಹಾವೀರ ಮಂದಿರ ಇದೆ, ಊರಾಚೆ ಮರಳ ದಿಬ್ಬ ಇದೆ. ಮನೆಯವರಿಗೆ ದೇವಸ್ಥಾನ, ನಿಮಗೆ ರೈಲು, ಹುಡುಗನಿಗೆ ಒಂಟೆ. ಹೋಗೋದು ರೈಲಲ್ಲಿ, ಬರೋದು ಬಸ್ಸಲ್ಲೋ ಟ್ಯಾಕ್ಸೀಲೋ ಅಂತ ಇಟ್ಕೊಳ್ಳಿ, ಈ ಲೈನಲ್ಲಿ ಗಾಡಿ ಕಡಿಮೆ. ಇನ್ನೂ ಸ್ವಲ್ಪ ಮುಂದೆ ಹೋಗೋ ಮನಸ್ಸಿದ್ರೆ ಫಲೋದಿ ಹತ್ತಿರ ಖೀಚನ್ ಅನ್ನೋ ಹಳ್ಳಿ. ಚಳಿಗಾಲದಲ್ಲಿ ಕುರ್ಜಾ ಕೊಕ್ಕರೆಗಳು ಸಾವಿರಾರು ಬಂದಿಳಿಯುತ್ತೆ, ಊರವರೇ ಕಾಳು ಹಾಕ್ತಾರೆ. ಫೆಬ್ರುವರೀಲಿ ಇನ್ನೂ ಇರುತ್ತೆ.

ಭಾದ್ರಪದದಲ್ಲಿ ಬಂದಿದ್ರೆ ರಾಮದೇವ್ರಾ ಜಾತ್ರೆಯ ಸ್ಪೆಷಲ್ ಗಾಡಿಗಳು ಸಿಕ್ತಿತ್ತು. ಆ ಜನಜಂಗುಳಿ ನೋಡಿದ್ರೆ ನಮ್ಮ ಕಡೆ ಜಾತ್ರೆಗಳೇ ವಾಸಿ ಅನ್ಸುತ್ತೆ.

ಘಾಟ್_ಸೆಕ್ಷನ್
ಪ್ಯಾಲೇಸ್ ಆನ್ ವೀಲ್ಸ್ ಅನ್ನುವ ಐಷಾರಾಮಿ ಗಾಡಿ ಕೂಡ ಜೈಸಲ್ಮೇರ್, ಜೋಧಪುರ ಎರಡಕ್ಕೂ ಬರ್ತದಲ್ವಾ? 1982ರ ಗಣರಾಜ್ಯೋತ್ಸವಕ್ಕೆ ಶುರುವಾದದ್ದು. ಟಿಕೆಟ್ ನಮ್ಮ ಕೈಗೆ ಎಟುಕುವುದಿಲ್ಲ, ಹೊರಗೆ ನಿಂತು ನೋಡ್ಲಿಕ್ಕೆ ದುಡ್ಡು ಕೊಡ್ಬೇಕಂತ ಇಲ್ಲ.

ಮರಳಲ್ಲಿ_ಮಂಡ್ಯದವಳು
ಬರುತ್ತೆ, ಸೆಪ್ಟೆಂಬರ್‌ನಿಂದ ಏಪ್ರಿಲ್ ತನಕ ಅದರ ಸೀಸನ್. ಆದ್ರೆ ಆ ಗಾಡಿ ಹತ್ತಿರ ಭದ್ರತೆ ಜಾಸ್ತಿ. ನನಗೇನೋ ಅದಕ್ಕಿಂತ ಕಂಟೇನರ್ ಗಾಡಿಗಳೇ ಇಷ್ಟ. ಸಾಲಾವಾಸ್ ಕಡೆ ತೈಲ ಡಿಪೋ ಇದೆ, ಕಂಟೇನರ್ ಯಾರ್ಡ್ ಇದೆ. ಹಾಗಾಗಿ ಬಾಸನಿ–ಸಾಲಾವಾಸ್ ನಡುವೆ ಟ್ಯಾಂಕರ್ ಗಾಡಿ, ಕಂಟೇನರ್ ಗಾಡಿ ಎರಡೂ ಓಡಾಡ್ತಿರುತ್ತೆ. ಅದೂ ಅಲ್ಲದೆ ಸಾಲಾವಾಸ್ ಪಂಜಾ ದರಿ ನೇಯ್ಗೆಗೆ ಹೆಸರಾದ ಊರು, ಮಗ್ಗ ನೋಡೋಕೆ ಪ್ರವಾಸಿಗರು ಬರ್ತಾರೆ. ನಿಮ್ಮ ಮನೆಯವರನ್ನ ಅಲ್ಲಿ ಬಿಟ್ರೆ ನಿಮಗೆ ಎರಡು ಗಂಟೆ ಗ್ಯಾರಂಟಿ. ಆಮೇಲೆ ಜಮಖಾನೆಗೆ ಎಷ್ಟು ಬಿಲ್ ಆಯ್ತು ಅಂತ ನನ್ನ ಕೇಳಬೇಡಿ.

ಲೂಪ್‌ಲೈನ್_ಲೋಕಿ
ಡಬಲ್ ಸ್ಟ್ಯಾಕ್ ಬೇಕಂದ್ರೆ ಮಾರ್ವಾಡ್ ಜಂಕ್ಷನ್ ಕಡೆ ಹೋಗಿ. ಆ ಭಾಗದಲ್ಲೇ ಗೂಡ್ಸ್ ಗಾಡಿಗಳಿಗೇ ಅಂತ ಹಾಕಿರೋ ವೆಸ್ಟರ್ನ್ ಫ್ರೈಟ್ ಕಾರಿಡಾರ್ ಹಾದುಹೋಗುತ್ತೆ. ವೈರ್ ಕೆಳಗೇ ಎರಡಂತಸ್ತಿನ ಕಂಟೇನರ್ ಹೋಗೋದು. 2021ರ ಜನವರಿಯಲ್ಲಿ ರೇವಾಡಿ–ಮದಾರ್ ಭಾಗ ಉದ್ಘಾಟನೆ ಆದಾಗ ಓಡಿಸಿದ್ದು ಒಂದೂವರೆ ಕಿಲೋಮೀಟರ್ ಉದ್ದದ ಗಾಡಿ. ವೈರ್ ಬಂದ್ರೆ ಮಜಾ ಹೋಯ್ತು ಅನ್ನೋರಿಗೆ ಅದನ್ನ ತೋರಿಸ್ಬೇಕು.

ಹುಬ್ಬಳ್ಳಿ_ಹಾರ್ನ್
ವೈರ್ ಬಂದೈತಿ ಅಂತ ಮೊದಲು ಮೂಗು ಮುರದಾಂವ ನೀನಾ ಅಲ್ಲೇನೋ ತಮ್ಮಾ?

ಲೂಪ್‌ಲೈನ್_ಲೋಕಿ
ಅಣ್ಣಾ ಅದು ಪ್ಯಾಸೆಂಜರ್ ಎಂಜಿನ್ ಬಗ್ಗೆ 😄

ನಿವೃತ್ತ_ಗಾರ್ಡ್
ಮಾರ್ವಾಡ್ ಜಂಕ್ಷನ್ ಹೆಸರು ಬಂದ ಮೇಲೆ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಕಿರಿದಾದ ಹಳಿ) ಬಗ್ಗೆ ಹೇಳದೆ ಇರಲಾರೆ. ಅಲ್ಲಿಂದ ಫುಲಾದ್, ಗೋರಮ್ ಘಾಟ್ ಮೇಲೆ ಖಾಮ್ಲಿಘಾಟ್‌ಗೆ ಇಂದಿಗೂ ಮೀಟರ್ ಗೇಜ್ ಇದೆ. 2023ರ ಅಕ್ಟೋಬರ್‌ನಲ್ಲಿ ಅಲ್ಲಿ ‘ವ್ಯಾಲಿ ಕ್ವೀನ್’ ಎಂಬ ಪಾರಂಪರಿಕ ಗಾಡಿ ಶುರುಮಾಡಿದರು, ಡೀಸೆಲ್ ಎಂಜಿನ್ನಿಗೆ ಹಬೆ ಎಂಜಿನ್ನಿನ ವೇಷ ಹಾಕಿದ್ದಾರೆ. ವೇಷ ನನಗೆ ಹಿಡಿಸಲಿಲ್ಲ, ದಾರಿ ಮಾತ್ರ ಅಪ್ಪಟ. ಕಮಾನು ಸೇತುವೆ, ಸುರಂಗ, ಅರಾವಳಿಯ ಏರು. ನಾನು ನೌಕರಿಗೆ ಸೇರಿದ ಕಾಲದಲ್ಲಿ ನಮ್ಮಲ್ಲಿ ಬಹುಪಾಲು ಮೀಟರ್ ಗೇಜೇ. 1979ರಲ್ಲಿ ಪೂರ್ತಿಯಾದ ಹಾಸನ–ಮಂಗಳೂರು ಲೈನು ಕೂಡ ಮೀಟರ್ ಗೇಜಾಗಿಯೇ ಹುಟ್ಟಿದ್ದು. ಈಗ ಕರ್ನಾಟಕದಲ್ಲಿ ಆ ಅಗಲದ ಹಳಿ ನೋಡಬೇಕೆಂದರೆ ಮ್ಯೂಸಿಯಮ್ಮಿಗೆ ಹೋಗಬೇಕು. ಜೋಧಪುರವೂ ತೊಂಬತ್ತರ ದಶಕದವರೆಗೆ ಮೀಟರ್ ಗೇಜಿನ ಊರೇ ಆಗಿತ್ತು.

ಆದರೆ ಅದು ಮರುಭೂಮಿಯಲ್ಲ, ಬೆಟ್ಟ. ಜೋಧಪುರದಿಂದ ನೂರು ಕಿಲೋಮೀಟರ್ ದೂರ. ಒಂದು ದಿನ ಪೂರ್ತಿ ಬೇಕು. ನೋಡಲು ಚೆಂದವಿರುವುದು ಮಳೆಗಾಲ ಮುಗಿಯುವಾಗ. ಈ ಸಲದ ಪ್ರವಾಸಕ್ಕೆ ಸೇರಿಸಬೇಡಿ ಎಂದೇ ನನ್ನ ಸಲಹೆ.

ಘಾಟ್_ಸೆಕ್ಷನ್
ಪಾಕಿಸ್ತಾನದ ಕಡೆಗೆ ಹೋಗ್ತಿದ್ದ ಥಾರ್ ಎಕ್ಸ್‌ಪ್ರೆಸ್ ಈಗ ಇಲ್ಲವಾ?

ನಿವೃತ್ತ_ಗಾರ್ಡ್
ಇಲ್ಲ. 1965ರ ಯುದ್ಧದಲ್ಲಿ ನಿಂತ ಆ ಸಂಪರ್ಕ 2006ರ ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ಈ ಕಡೆಯ ಗಾಡಿ ಭಗತ್ ಕೀ ಕೋಠಿಯಿಂದ ಹೊರಟು ಗಡಿಯ ಮುನಾಬಾವ್‌ವರೆಗೆ ಹೋಗುತ್ತಿತ್ತು. 2019ರ ಆಗಸ್ಟಿನಲ್ಲಿ ನಿಂತದ್ದು ನಿಂತೇ ಇದೆ. ಆ ದಾರಿಯಲ್ಲಿ ಬಾಡಮೇರ್ ಆಚೆ ಗಡರಾ ರೋಡ್ ಸ್ಟೇಷನ್ನಿನಲ್ಲಿ 1965ರಲ್ಲಿ ಮಡಿದ 17 ರೈಲ್ವೆ ನೌಕರರ ಸ್ಮಾರಕವಿದೆ. ಸೈನ್ಯಕ್ಕೆ ಸಾಮಗ್ರಿ ಮುಟ್ಟಿಸಲು ಹೋದವರು. ಪ್ರತಿ ಸೆಪ್ಟೆಂಬರ್ 9ರಂದು ರೈಲ್ವೆಯವರು ಸೇರಿ ಗೌರವ ಸಲ್ಲಿಸುತ್ತಾರೆ. ಭಗತ್ ಕೀ ಕೋಠಿಯ ಪ್ಲಾಟ್‌ಫಾರ್ಮಿನಲ್ಲಿ ಕೂತಾಗ ಹುಡುಗನಿಗೆ ಎಂಜಿನ್ ನಂಬರ್ ಜೊತೆ ಇದನ್ನೂ ಹೇಳಿ.

ಹೋಂಸಿಗ್ನಲ್
ಖಂಡಿತ ಹೇಳ್ತೀನಿ ಸರ್.

ಸದ್ಯಕ್ಕೆ ಹೀಗೆ ಯೋಚಿಸಿದ್ದೀನಿ: ಒಂದು ಬೆಳಗ್ಗೆ ಜೋಧಪುರ ಜಂಕ್ಷನ್‌ನಲ್ಲಿ ಎಂಜಿನ್ ಬದಲಿಸೋದು. ಅಲ್ಲಿಂದ ಭಗತ್ ಕೀ ಕೋಠಿ. ಇನ್ನೊಂದು ದಿನ ಎಲ್ಲರೂ ಓಸಿಯಾಂ. ಸಂಜೆ ಒಂದು ಉಳೀತು. ವಂದೇ ಭಾರತ್ ನೋಡಬೇಕು ಅಂತ ಮಗನ ಹಟ, ಅದು ಯಾವಾಗ ಸಿಗುತ್ತೆ?

ಮರಳಲ್ಲಿ_ಮಂಡ್ಯದವಳು
ಸಾಬರ್‌ಮತಿ ವಂದೇ ಭಾರತ್ (2023ರ ಜುಲೈನಲ್ಲಿ ಶುರುವಾದದ್ದು) ಬೆಳಕು ಹರಿಯೋಕೆ ಮುಂಚೆ ಹೋಗುತ್ತೆ, ರಾತ್ರಿ ಬರುತ್ತೆ. ಫೋಟೋ ಆಸೆ ಬಿಡಿ. ದೆಹಲಿ ಕಡೆಗೂ ಒಂದಿದೆ. ಟೈಮು ಬದಲಾಗ್ತಾನೇ ಇರುತ್ತೆ, ಹೊರಡೋ ಹಿಂದಿನ ರಾತ್ರಿ ರೈಲ್ವೆ ಆ್ಯಪ್ ಎನ್‌ಟಿಇಎಸ್‌ನಲ್ಲಿ ನೋಡ್ಕೊಳ್ಳಿ. ಉತ್ತರದಲ್ಲಿ ಮಂಜು ಬಿದ್ದಿದ್ರೆ ದೆಹಲಿ ಕಡೆಯಿಂದ ಬರೋವು ಗಂಟೆಗಟ್ಟಲೆ ತಡ. ನಮ್ಮಂಥೋರಿಗೆ ಅದೇ ಅನುಕೂಲ, ಕತ್ತಲಲ್ಲಿ ಬರಬೇಕಾದ ಗಾಡಿ ಒಳ್ಳೆ ಬಿಸಿಲಲ್ಲಿ ಬರುತ್ತೆ.

ಉಳಿದ ಸಂಜೆಗೆ ಲೂಣಿ ಜಂಕ್ಷನ್. ಮೂವತ್ತು ಕಿಲೋಮೀಟರ್ ಅಷ್ಟೇ. ಮಧ್ಯಾಹ್ನ ಊಟ ಮಾಡಿ ಆ ಕಡೆ ಹೋಗೋ ಯಾವುದಾದ್ರೂ ಗಾಡಿ ಹಿಡೀರಿ. ಅಲ್ಲಿ ಬಾಡಮೇರ್ ಗಾಡಿ, ಮಾರ್ವಾಡ್ ಗಾಡಿ ಎರಡೂ ಬಂದು ಸೇರುತ್ತೆ. ಸುತ್ತ ಬಯಲು, ಎತ್ತರದ ಕಟ್ಟಡ ಇಲ್ಲ, ಸೂರ್ಯ ಇಳಿಯೋವಾಗ ಬೋಗಿಗಳ ಮೇಲೆ ಅಡ್ಡ ಬೆಳಕು ಬೀಳುತ್ತೆ. ಜೋಧಪುರದ ಗಲಾಟೆ ಇಲ್ಲದ ಉದ್ದನೆ ಪ್ಲಾಟ್‌ಫಾರ್ಮು, ಹುಡುಗನ ಕೈ ಹಿಡ್ಕೊಂಡು ಆರಾಮಾಗಿ ನಿಲ್ಲಬಹುದು. ನನ್ನ ಕೇಳಿದ್ರೆ ಈ ಊರಲ್ಲಿ ರೈಲು ನೋಡೋಕೆ ಲೂಣಿಯೇ ಮೊದಲು, ಶೆಡ್ಡು ಆಮೇಲೆ. ಹುಬ್ಬಳ್ಳಿಯವರು ಬೈಬೇಡಿ.

ಹುಬ್ಬಳ್ಳಿ_ಹಾರ್ನ್
ಬೈಯೂದಿಲ್ರಿ ಅಕ್ಕಾರ. ಆದ್ರ ಒಪ್ಪೂದೂ ಇಲ್ಲ.

ಘಾಟ್_ಸೆಕ್ಷನ್
ಲೂಣಿಯ ರಸಗುಲ್ಲ ಬಗ್ಗೆ ಯಾರೂ ಹೇಳಲಿಲ್ಲ! ಆ ಸ್ಟೇಷನ್ ಹೆಸರಾದದ್ದೇ ಅದಕ್ಕೆ. ಗಾಡಿ ನಿಂತ ಕೂಡಲೇ ಜನ ಇಳಿದು ಓಡ್ತಾರೆ.

ಹೋಂಸಿಗ್ನಲ್
ರಸಗುಲ್ಲ ಅಂದ ತಕ್ಷಣ ಮನೆಯವಳೂ ಲೂಣಿಗೆ ಬರ್ತೀನಿ ಅಂತಿದ್ದಾಳೆ. ಹಾಗಾದ್ರೆ ಟಿಕೆಟ್ ಕಥೆ ಏನು? ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿ, ಎರಡು ಗಂಟೆ ಮಾತ್ರ ಅಲ್ವಾ?

ನಿವೃತ್ತ_ಗಾರ್ಡ್
ಹೌದು, ಎರಡೇ ಗಂಟೆ. ಲೂಣಿಗೆ ಹೋಗುವಾಗ ಪ್ರಯಾಣದ ಟಿಕೆಟ್ ಇರುತ್ತದೆ, ಇಳಿದ ಮೇಲೆ ಅಲ್ಲೇ ಕೂರುವುದಾದರೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡುಬಿಡಿ. ವಾಪಸಿಗೆ ಎಕ್ಸ್‌ಪ್ರೆಸ್ ಹತ್ತುವುದಾದರೆ ಆ ದರ್ಜೆಯ ಟಿಕೆಟ್ಟೇ ಬೇಕು, ಆರ್ಡಿನರಿ ಟಿಕೆಟ್ಟಿನಲ್ಲಿ ಹತ್ತಬೇಡಿ. ಜನರಲ್ ಟಿಕೆಟ್ಟಿನಲ್ಲಿ ಸ್ಲೀಪರ್ ಬೋಗಿಯಲ್ಲಿ ಕೂತು ಟಿಟಿಇ ಜೊತೆ ವಾದವನ್ನೂ ಮಾಡಬೇಡಿ.

ಲೂಪ್‌ಲೈನ್_ಲೋಕಿ
ವಾಪಸ್ ಬೆಂಗಳೂರಿಗೆ ಫ್ಲೈಟಾ, ಟ್ರೇನಾ?

ಹೋಂಸಿಗ್ನಲ್
ಹೋಗೋದು ಫ್ಲೈಟು. ಬರೋದು ಜೋಧಪುರ–ಬೆಂಗಳೂರು ಎಕ್ಸ್‌ಪ್ರೆಸ್, ಹುಬ್ಬಳ್ಳಿ ಮೇಲೆ ಬರೋದು. ಗುಂತಕಲ್ ಮೇಲಿನದೂ ಇತ್ತು, ಮಗ ಹುಬ್ಬಳ್ಳೀದೇ ಬೇಕು ಅಂದ.

ಹುಬ್ಬಳ್ಳಿ_ಹಾರ್ನ್
ಶಾಣ್ಯಾ ಹುಡುಗ! ಬೋಗಿ ನಂಬರ್ ಹೇಳ್ರಿ, ಸ್ಟೇಷನ್ನಿಗೆ ಬರ್ತೀನಿ. ನಮ್ಮ ಪ್ಲಾಟ್‌ಫಾರ್ಮು 1,507 ಮೀಟರ್ ಐತಿ, ನಂಬರ್ ಹೇಳದಿದ್ರ ಹುಡುಕೂದ್ರಾಗ ಗಾಡಿ ಬಿಡ್ತದ.

ಮರಳಲ್ಲಿ_ಮಂಡ್ಯದವಳು
ಲೂಣಿಗೆ ಹೋಗೋದು ಭಾನುವಾರ ಆದ್ರೆ ಮೊದಲೇ ಮೆಸೇಜ್ ಹಾಕಿ ಸರ್. ನಾನೂ ಮಗಳನ್ನ ಕರ್ಕೊಂಡು ಬರ್ತೀನಿ. ಬರೋವಾಗ ಮೈಸೂರಿಂದ ಒಂದು ಪ್ಯಾಕೆಟ್ ಫಿಲ್ಟರ್ ಕಾಫಿ ಪುಡಿ ತನ್ನಿ, ದುಡ್ಡು ಕೊಡ್ತೀನಿ.